ಶಾಲೆಗಾಗಿ ಬಾಡಿಗೆ ಮನೆ: ಇಂಗ್ಲೆಂಡಿಗೆ ಹೋಗುವ ಅಪ್ಪ ಅಮ್ಮಂದಿರಿಗೆ

ಬೆಂಗಳೂರಿನಿಂದ ಲಂಡನ್ನಿಗೋ ರೆಡಿಂಗ್‌ಗೋ ಕೆಲಸಕ್ಕೆ ಹೋದವರಿಗೆ ಇದು ಮೊದಲಿಗೆ ವಿಚಿತ್ರ ಅನಿಸುತ್ತದೆ. ಅಲ್ಲಿನ ಸರ್ಕಾರಿ ಶಾಲೆಗೆ ಫೀಸೂ ಇಲ್ಲ, ಡೊನೇಷನ್ನೂ ಇಲ್ಲ. ಬೇಡಿಕೆ ಜಾಸ್ತಿ ಇರುವ ಕಡೆ ಮನೆ ಹತ್ತಿರ ಇದ್ದವರಿಗೆ ಸೀಟು. ಹಾಗಾಗಿ ಹೆಸರಾದ ಶಾಲೆಯ ಸುತ್ತ ಬಾಡಿಗೆಯೇ ಡೊನೇಷನ್ ಆಗಿಬಿಟ್ಟಿದೆ. ಸೀಟಿಗೋಸ್ಕರವೇ ಅಲ್ಲಿ ಸ್ವಲ್ಪ ಕಾಲ ಬಾಡಿಗೆಗಿರುವ ಯೋಚನೆ ನಿಮಗಿದ್ದರೆ ಮುಂದೆ ಓದಿ.

ಮೊದಲು ದಿನಾಂಕ ನೋಡಿಕೊಳ್ಳಿ. ಅರ್ಜಿಗೆ ಕಡೇ ದಿನ ಪ್ರೈಮರಿಗೆ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31. ಮಗುವಿಗೆ 4 ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್, ಅಂದರೆ ಪ್ರೈಮರಿಯ ಮೊಟ್ಟಮೊದಲ ತರಗತಿ, ಶುರು. ಕಡೇ ದಿನಕ್ಕೆ ಮುಂಚೆಯೇ ಆ ಮನೆಯಲ್ಲಿ ಸಂಸಾರ ಹೂಡಿರಬೇಕು.

ಆಮೇಲೆ ಶಾಲೆಯ ಪ್ರವೇಶ ನಿಯಮ ಓದಿ. ಇದೊಂದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಸಾಮಾನ್ಯವಾಗಿ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಿಗೆ ಮೊದಲ ಸಾಲು, ಆಮೇಲೆ ಅಲ್ಲೇ ಓದುತ್ತಿರುವವರ ತಮ್ಮ ತಂಗಿಯರಿಗೆ, ನಂತರ ದೂರದ ಲೆಕ್ಕ. ಹಲವು ಚರ್ಚ್ ಶಾಲೆಗಳು ಚರ್ಚಿಗೆ ಹೋಗುವವರಿಗೆ ಆದ್ಯತೆ ಕೊಡುತ್ತವೆ. ಗ್ರಾಮರ್ ಶಾಲೆ ಅನ್ನುವ ಸರ್ಕಾರಿ ಸೆಕೆಂಡರಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಪಾಸಾಗಬೇಕು. ಅಂಥ ಕಡೆ ಪಕ್ಕದ ಮನೆ ಹಿಡಿದರೂ ಸುಮ್ನೆ ದಂಡ ಆದೀತು. ಕಳೆದ ವರ್ಷ ಎಷ್ಟು ದೂರದ ತನಕ ಸೀಟು ಸಿಕ್ಕಿತ್ತು ಅನ್ನುವ ಅಂಕಿಯನ್ನು ಬಹಳಷ್ಟು ಕೌನ್ಸಿಲ್‌ಗಳು (ಅಲ್ಲಿನ ಸ್ಥಳೀಯ ಆಡಳಿತಗಳು) ಪ್ರಕಟಿಸುತ್ತವೆ. ಒಂದಲ್ಲ, ಮೂರ್ನಾಲ್ಕು ವರ್ಷದ್ದು ನೋಡಿ. ರಿಸೆಪ್ಷನ್ ತರಗತಿಗೆ 30 ಮಕ್ಕಳ ಮಿತಿ ಇದೆ. ಒಂದು ವರ್ಷ ತಮ್ಮ ತಂಗಿಯರೇ ಜಾಸ್ತಿ ಬಂದರೆ ಆ ದೂರ ಕುಗ್ಗುತ್ತದೆ. ‘ಈ ಮನೆಗೆ ಸೀಟು ಗ್ಯಾರಂಟಿ’ ಅಂತ ಏಜೆಂಟ್ ಹೇಳಿದರೆ ನಂಬಬೇಡಿ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನವರಿಗೆ ಖುಷಿ ಆಗಬಹುದು: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ 5 ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಕರಾರುಪತ್ರ ನಿಮ್ಮ ಹೆಸರಲ್ಲಿರಲಿ. ಕೌನ್ಸಿಲ್ ಟ್ಯಾಕ್ಸ್, ಡಾಕ್ಟರ ಹತ್ತಿರದ ನೋಂದಣಿ ಎಲ್ಲಾ ಅದೇ ವಿಳಾಸಕ್ಕೆ ಮಾಡಿಸಿ.

ತೊಡಕು ಇರುವುದು ಸ್ವಂತ ಮನೆ ಇದ್ದವರಿಗೆ. ಅದನ್ನು ಹಾಗೇ ಇಟ್ಟುಕೊಂಡು ಶಾಲೆ ಪಕ್ಕ ಬಾಡಿಗೆ ಹಿಡಿದರೆ, ಹಲವು ಕೌನ್ಸಿಲ್‌ಗಳು ಸ್ವಂತ ಮನೆಯ ವಿಳಾಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅರ್ಜಿ ಹಾಕುವ ಮುಂಚೆ ಈಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಸ್ನೇಹಿತರ ವಿಳಾಸ ಕೊಡುವುದಂತೂ ಬೇಡವೇ ಬೇಡ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ಪಡೆಯುತ್ತಾರೆ. 2008ರಲ್ಲಿ ಪೂಲ್ ಪಟ್ಟಣದ ಕೌನ್ಸಿಲ್ ಒಂದು ಕುಟುಂಬ ಕೊಟ್ಟ ವಿಳಾಸದಲ್ಲೇ ಇದೆಯಾ ಅಂತ ನೋಡಲು ಸುಮಾರು ಮೂರು ವಾರ ಗುಟ್ಟಾಗಿ ಕಣ್ಣಿಟ್ಟಿತ್ತು! ಅವರದ್ದೇನೂ ತಪ್ಪಿರಲಿಲ್ಲ. ಹಾಗೆ ಹಿಂಬಾಲಿಸಿದ್ದು ಕಾನೂನುಬಾಹಿರ ಅಂತ 2010ರಲ್ಲಿ ನ್ಯಾಯಮಂಡಳಿ ಹೇಳಿತು. ನಿಜವಾಗಿ ಅಲ್ಲೇ ಉಂಡು ಮಲಗುವವರಿಗೆ ಅಳುಕು ಬೇಡ.

ಅರ್ಜಿಯನ್ನು ನೀವಿರುವ ಕೌನ್ಸಿಲ್‌ಗೇ ಹಾಕಬೇಕು, ಶಾಲೆ ಪಕ್ಕದ ಕೌನ್ಸಿಲ್‌ನದ್ದಾದರೂ ಸರಿ. ಲಂಡನ್ನಿನಲ್ಲಿ 6 ಶಾಲೆಗಳವರೆಗೆ ಬರೆಯಬಹುದು. ನಿಮ್ಮ ಆಸೆಯ ಕ್ರಮದಲ್ಲೇ ಬರೆಯಿರಿ. ಯಾವುದನ್ನು ಎಷ್ಟನೆಯದಾಗಿ ಬರೆದಿರಿ ಅನ್ನುವುದನ್ನು ನೋಡಿ ಶಾಲೆ ಸೀಟು ಕೊಡುವಂತಿಲ್ಲ. ಸಿಗುವ ಸಾಧ್ಯತೆ ಹೆಚ್ಚಿರುವ ಒಂದು ಶಾಲೆ ಕೊನೆಯಲ್ಲಿರಲಿ.

ಸೀಟು ಸಿಕ್ಕ ಮೇಲೆ ದೂರ ಹೋಗುವ ಯೋಚನೆಯೇ? ಎರಡನೇ ಮಗು ಇದ್ದರೆ ನಿಯಮ ಮತ್ತೆ ನೋಡಿ. ದೂರ ಹೋದವರ ತಮ್ಮ ತಂಗಿಯರಿಗೆ ಕೆಲವು ಶಾಲೆಗಳಲ್ಲಿ ಆದ್ಯತೆ ಇಲ್ಲ. ಸೀಟು ಸಿಗದಿದ್ದರೆ ಕಾಯುವ ಪಟ್ಟಿಗೆ ಹೆಸರು ಕೊಡಿ. ಅಲ್ಲಿ ಮೊದಲು ಬಂದವರಿಗೆ ಮೊದಲ ಜಾಗ ಅನ್ನೋದಿಲ್ಲ, ಅಲ್ಲೂ ಅದೇ ಪ್ರವೇಶ ನಿಯಮದ ಲೆಕ್ಕ.