ಬೋರಿಂದ ಹೊಲಕ್ಕೆ ಪೈಪ್‌ಲೈನ್: ಟ್ರೆಂಚ್ ಹೊಡೆಸುವುದು ಹೇಗೆ?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ನಮಗೆ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿ ಕೊರೆಸಿ ಎರಡು ಇಂಚು ನೀರು ಬಿದ್ದರೆ ಮನೆಯಲ್ಲಿ ಹಬ್ಬ. ಅಷ್ಟು ಕಷ್ಟಪಟ್ಟು ತೆಗೆದ ನೀರನ್ನು ಕೃಷಿ ಹೊಂಡಕ್ಕೆ, ಅಲ್ಲಿಂದ ಟೊಮೆಟೊ ಡ್ರಿಪ್‌ಗೆ ತರುವ ಪೈಪನ್ನು ಮಾತ್ರ ಅವಸರದಲ್ಲಿ ಹೂತುಬಿಡುತ್ತೇವೆ. ಬೆಳಿಗ್ಗೆ ಜೆಸಿಬಿ ಮಿಷನ್ ಬಂತು, ಮಧ್ಯಾಹ್ನಕ್ಕೆ ಮಣ್ಣು ಮುಚ್ಚಿತು, ಮುಗೀತು.

ಮುಳಬಾಗಿಲು ಕಡೆ ನಮ್ಮ ಮಾವಿನ ತೋಟದಲ್ಲಿ ಮೂರು ವರ್ಷದ ಹಿಂದೆ ಹೀಗೇ ಆಯಿತು. ಮಿಷನ್ ಕೆಲಸ ಶುರು ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಟಕ್ ಅಂತ ಒಂದು ಸದ್ದು. ಬಕೆಟ್ ಹಲ್ಲಿಗೆ ಬೂದು ಬಣ್ಣದ ಪೈಪಿನ ಚೂರು ಸಿಕ್ಕಿಕೊಂಡು ಮೇಲೆ ಬಂತು. ಅದರ ಹಿಂದೆಯೇ ಕೆಂಪು ನೀರು ಬುಗ್ಗೆ ಬುಗ್ಗೆಯಾಗಿ ಉಕ್ಕಿತು. ಅಪ್ಪ ಹಾಕಿಸಿದ್ದ ಹಳೇ ಲೈನು ಅದು. ಎಲ್ಲಿ ಹಾದು ಹೋಗಿದೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ಆಪರೇಟರ್ ತಪ್ಪು ಏನೂ ಇಲ್ಲ, ಅವನಿಗೆ ತೋರಿಸಬೇಕಾದವರು ನಾವು. ಅದಕ್ಕೇ ಹೇಳುತ್ತಿದ್ದೇನೆ, ಟ್ರೆಂಚ್ ಕೆಲಸದಲ್ಲಿ ಅರ್ಧ ಕೆಲಸ ಮಿಷನ್ ಬರುವ ಹಿಂದಿನ ದಿನವೇ ಮುಗಿದಿರಬೇಕು.

ಹಿಂದಿನ ದಿನ

ಬೋರಿಂದ ಹೊಂಡದವರೆಗೆ ಎರಡು ಸಲ ನಡೆದು ನೋಡಿ. ಹಳೇ ಪೈಪು, ಪಂಪಿನ ಕೇಬಲ್, ಪಕ್ಕದ ಹೊಲದವರ ಲೈನು, ಮನೆ ಹತ್ತಿರ ಆದರೆ ಶೌಚಾಲಯದ ಗುಂಡಿ, ಎಲ್ಲಾ ಕೇಳಿ ತಿಳಿದುಕೊಳ್ಳಿ. ಊರಿನ ಹಳೇ ವಾಟರ್‌ಮ್ಯಾನ್‌ಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಅವರನ್ನೊಮ್ಮೆ ಕರೆಸಿ. ರಸ್ತೆ ದಾಟಿಸುವುದಾದರೆ ಪಂಚಾಯಿತಿಯವರನ್ನೋ ಲೋಕೋಪಯೋಗಿ ಇಲಾಖೆಯವರನ್ನೋ ಕೇಳದೆ ಮುಟ್ಟಬೇಡಿ. ರಸ್ತೆ ಬದಿಯಲ್ಲಿ ಕುಡಿಯುವ ನೀರಿನ ಪೈಪು, ಫೋನಿನ ಫೈಬರ್ ಕೇಬಲ್ ಇರುವುದು ಮಾಮೂಲು. ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ ತಂದಿದೆ. ಎಲ್ಲಿ ಅಗೆಯುತ್ತೀರಿ ಅಂತ ಅದರಲ್ಲಿ ತಿಳಿಸಿದರೆ, ಅಲ್ಲಿ ಪೈಪು, ಕೇಬಲ್ ಹೂತಿರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ.

ಆಮೇಲೆ ತಲೆ ಎತ್ತಿ ಮೇಲೂ ನೋಡಿ. ಕರೆಂಟ್ ತಂತಿ ಇದ್ದರೆ ಮಿಷನ್ನಿನ ಕೈ ಪೂರ್ತಿ ಎತ್ತಿದಾಗಲೂ ತಂತಿಗೆ ಕನಿಷ್ಠ ಹತ್ತು ಅಡಿ ದೂರ ಉಳಿಯಬೇಕು. ತಂತಿ ಜೋತುಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ನೋಡುವವರೆಗೆ ಆ ಜಾಗ ಬಿಟ್ಟು ಬೇರೆ ಕಡೆ ಅಗೆಸಿ.

ಗೂಟ ಹೊಡೆದು ದಾರ ಕಟ್ಟಿ, ದಾರದ ಗುಂಟ ಸುಣ್ಣ ಎಳೆಯಿರಿ. ಹಳೇ ಪೈಪು ಅಡ್ಡ ಬರುತ್ತದೆ ಅನ್ನಿಸುವ ಕಡೆ ಗುದ್ದಲಿ, ಸನಿಕೆ ಹಿಡಿದು ಕೈಯಲ್ಲೇ ಅಗೆದು ಪೈಪು ಕಣ್ಣಿಗೆ ಕಾಣುವ ಹಾಗೆ ಬಿಡಿ. ಅದರ ಆಚೆ ಈಚೆ ಎರಡೆರಡು ಅಡಿಯಲ್ಲಿ ಬಕೆಟ್ ಇಳಿಯಬಾರದು.

ಬಕೆಟ್ ಅಗಲ ಕೇಳಿ

ಇದನ್ನು ಯಾರೂ ಕೇಳುವುದಿಲ್ಲ, ದುಡ್ಡು ಹೋಗುವುದು ಇಲ್ಲೇ. ಜೆಸಿಬಿಯ ಹಿಂದಿನ ಬಕೆಟ್ ಸಾಮಾನ್ಯವಾಗಿ ಎರಡೂವರೆ ಅಡಿ ಅಗಲ ಇರುತ್ತದೆ. ಮೂರು ಇಂಚಿನ ಪೈಪಿಗೆ ಅಷ್ಟು ಅಗಲ ಯಾಕೆ? 300 ಅಡಿ ಉದ್ದ, 3 ಅಡಿ ಆಳಕ್ಕೆ ಲೆಕ್ಕ ಹಾಕಿ ನೋಡಿ. ಎರಡೂವರೆ ಅಡಿ ಅಗಲಕ್ಕೆ 2,250 ಘನ ಅಡಿ ಮಣ್ಣು ತೆಗೆಯಬೇಕು, ಒಂದು ಅಡಿ ಅಗಲಕ್ಕೆ ಬರೀ 900. ತೆಗೆದಿದ್ದನ್ನೆಲ್ಲಾ ಮತ್ತೆ ಮುಚ್ಚಬೇಕು, ಅದಕ್ಕೂ ಗಂಟೆ ಮೀಟರ್ ಓಡುತ್ತದೆ ಅಲ್ವಾ? ಸಣ್ಣ ಬಕೆಟ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಮಿನಿ ಹಿಟಾಚಿ, ಅಂದರೆ ಅಗೆಯುವ ಸಣ್ಣ ಮಿಷನ್ ಹುಡುಕಿ. ಮರಗಳ ಸಾಲಿನ ಮಧ್ಯೆ ನುಗ್ಗುವುದಕ್ಕೂ ಅದೇ ವಾಸಿ. ಪೈಪು, ಕೇಬಲ್ ಎರಡೂ ಒಂದೇ ಟ್ರೆಂಚಿನಲ್ಲಿ ಹೋಗುವುದಾದರೆ ಒಂದೂವರೆ ಅಡಿ ಬೇಕು, ಎರಡರ ಮಧ್ಯೆ ಒಂದು ಅಡಿ ಅಂತರ ಇರಲಿ.

ಆಳ ಮೂರು ಅಡಿ. ಟ್ರ್ಯಾಕ್ಟರ್ ನೇಗಿಲು ಒಂದು ಅಡಿ ಇಳಿದರೂ ಪೈಪಿಗೆ ತಗಲಬಾರದು. ಪಂಪಿನ ಕೇಬಲ್ಲೂ ಎರಡೂವರೆ ಅಡಿಗಿಂತ ಮೇಲೆ ಇರಬಾರದು.

ಅಗೆಯುವಾಗ

ಜೆಸಿಬಿ ಸುಣ್ಣದ ಗೆರೆಯ ಮೇಲೆ ಸರಿಯಾಗಿ ನಿಲ್ಲಬೇಕು, ಎರಡೂ ಕಡೆಯ ಗಾಲಿ ಗೆರೆಯ ಆಚೆಗೊಂದು ಈಚೆಗೊಂದು. ಮುಂದಿನ ಬಕೆಟ್ ನೆಲಕ್ಕೆ ಒತ್ತಿ, ಹಿಂದಿನ ಎರಡೂ ಜಾಕ್ ಇಳಿಸಿ, ಗಾಡಿ ಅಲುಗಾಡದ ಹಾಗೆ ಮಟ್ಟ ಮಾಡಿಕೊಂಡ ಮೇಲೆಯೇ ಮೊದಲ ಬಕೆಟ್. ಗಾಡಿ ವಾಲಿದ್ದರೆ ಟ್ರೆಂಚೂ ವಾಲುತ್ತದೆ. ಕೈ ಚಾಚುವಷ್ಟು ದೂರದಿಂದ ಶುರು ಮಾಡಿ ತನ್ನ ಕಡೆಗೆ ಎಳೆಯುತ್ತಾ ಬರಬೇಕು, ಅಷ್ಟು ಮುಗಿದ ಮೇಲೆ ಗಾಡಿ ಮುಂದಕ್ಕೆ ಸರಿಯಬೇಕು.

ಒಂದೇ ಏಟಿಗೆ ಮೂರು ಅಡಿ ಇಳಿಸಲು ಬಿಡಬೇಡಿ. ಅರ್ಧ ಅಡಿ ಅರ್ಧ ಅಡಿಯಾಗಿ ಹೆರೆಯುತ್ತಾ ಹೋದರೆ ತಳ ಮಟ್ಟವಾಗಿ ಬರುತ್ತದೆ, ಅಡಿಯಲ್ಲಿ ಏನಾದರೂ ಇದ್ದರೆ ಮೊದಲೇ ಕಾಣುತ್ತದೆ. ಮೇಲಿನ ಕೆಂಪು ಮಣ್ಣು ಬೆಣ್ಣೆ ಹಾಗೆ ಬರುತ್ತದೆ. ನಮ್ಮ ಕಡೆ ಎರಡು ಅಡಿ ಆದಮೇಲೆ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು ಸಿಗುತ್ತದೆ. ಆಗ ಸದ್ದೇ ಬೇರೆ, ಬಕೆಟ್ ಹಲ್ಲು ಕರಕರ ಅನ್ನುತ್ತದೆ, ಬಿಳಿ ಪುಡಿ ಉದುರುತ್ತದೆ. ಆ ಸದ್ದು ಕೇಳಿದ ಕೂಡಲೇ ಮಣ್ಣು ಹಾಕುವ ಕಡೆ ಬದಲಾಯಿಸಿ. ಮೇಲ್ಮಣ್ಣು ಒಂದು ಬದಿಗೆ, ಗರಸು ಇನ್ನೊಂದು ಬದಿಗೆ. ಎರಡೂ ಕಲೆತರೆ ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಬೆಳೆ ಸೊರಗುತ್ತದೆ. ಮಣ್ಣಿನ ಗುಡ್ಡೆ ಟ್ರೆಂಚ್ ಅಂಚಿನಿಂದ ಎರಡು ಅಡಿಯಾದರೂ ದೂರ ಇರಲಿ.

ಹುಟ್ಟುಬಂಡೆ ಸಿಕ್ಕರೆ ಬಕೆಟ್‌ನಲ್ಲಿ ಕುಕ್ಕಿಸಬೇಡಿ, ಹಲ್ಲು ಮುರಿಯುತ್ತದೆ ಅಷ್ಟೇ. ಸ್ವಲ್ಪ ಸುತ್ತಿ ಹೋಗಲು ಜಾಗ ಇದ್ದರೆ ಸುತ್ತಿಸಿ, ಇಲ್ಲವಾದರೆ ಬಂಡೆ ಒಡೆಯುವ ಬ್ರೇಕರ್ ಕರೆಸಿ.

ಒಂದು ಕೋಲಿಗೆ ಮೂರು ಅಡಿಗೆ ಗುರುತು ಹಾಕಿಕೊಂಡು ಒಬ್ಬರು ಅಳೆಯುತ್ತಾ ಬರಲಿ, ಆದರೆ ಆಪರೇಟರ್ ಕೈ ನಿಲ್ಲಿಸಿ ಸನ್ನೆ ಮಾಡಿದ ಮೇಲೆ ಮಾತ್ರ. ಜೆಸಿಬಿ ಬಂತು ಅಂದರೆ ಊರಿನ ಮಕ್ಕಳೆಲ್ಲಾ ಓಡಿ ಬರುತ್ತಾರೆ. ಅವರನ್ನು ದೂರ ನಿಲ್ಲಿಸುವುದಕ್ಕೇ ಒಬ್ಬ ದೊಡ್ಡವರನ್ನು ನೇಮಿಸಿ. ಆ ಕೈ ಪಕ್ಕಕ್ಕೆ ತಿರುಗುವುದು ಕ್ಷಣದಲ್ಲಿ, ಹಿಂದೆ ಯಾರಿದ್ದಾರೆ ಅಂತ ಆಪರೇಟರ್‌ಗೆ ಕಾಣುವುದಿಲ್ಲ. ಎಲ್ಲಾದರೂ ಟ್ರೆಂಚ್ ಐದು ಅಡಿ ಆಳ ಹೋದರೆ ಬದಿಗೆ ಹಲಗೆ ಆಸರೆ ಕೊಡದೆ, ಅಥವಾ ಬದಿ ಇಳಿಜಾರು ಮಾಡದೆ ಯಾರನ್ನೂ ಇಳಿಸಬೇಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ತೂಗುತ್ತದೆ. ಕುಸಿದರೆ ಎಳೆದು ತೆಗೆಯಲು ಸಮಯವೇ ಸಿಗುವುದಿಲ್ಲ.

ಹಾಕಿ, ನೋಡಿ, ಮುಚ್ಚಿ

ತಳದಲ್ಲಿ ಚೂಪು ಕಲ್ಲು ಇದ್ದರೆ ಆರಿಸಿ ತೆಗೆದು, ನಾಲ್ಕು ಇಂಚು ಜರಡಿ ಹಿಡಿದ ಮಣ್ಣು ಹಾಸಿ ಅದರ ಮೇಲೆ ಪೈಪು ಮಲಗಿಸಿ. ಪಂಪಿನ ಚಪ್ಪಟೆ ಕೇಬಲ್ಲನ್ನು ಹಾಗೇ ಹೂಳುವವರು ತುಂಬಾ ಜನ. ದಯವಿಟ್ಟು ಬೇಡ. ಬೋರ್ ಬಾಯಿಂದ ಸ್ಟಾರ್ಟರ್‌ವರೆಗೆ ಲೋಹದ ಕವಚ ಇರುವ ಆರ್ಮರ್ಡ್ ಕೇಬಲ್ ಹಾಕಿ, ಬಿಗಿಯಾಗಿ ಎಳೆಯದೆ ಸ್ವಲ್ಪ ಅಂಕುಡೊಂಕಾಗಿ ಬಿಡಿ, ಮೇಲೆ ಮರಳು ಸುರಿದು ಇಟ್ಟಿಗೆ ಸಾಲು ಮುಚ್ಚಿ. ಮುಂದೆ ಯಾರೋ ಅಗೆದಾಗ ಹಾರೆ ಮೊದಲು ಇಟ್ಟಿಗೆಗೆ ಬಡಿಯಲಿ.

ಪೈಪಿನ ಗಮ್ ಒಣಗಿದ ಮೇಲೆ, ಜಾಯಿಂಟ್‌ಗಳನ್ನು ಬಿಟ್ಟು ಉಳಿದ ಕಡೆ ಮಾತ್ರ ಒಂದಿಷ್ಟು ಮಣ್ಣು ಹಾಕಿ ಪಂಪ್ ಆನ್ ಮಾಡಿ. ಒಂದು ಗಂಟೆ ಓಡಿಸಿ, ಪ್ರತಿ ಜಾಯಿಂಟನ್ನೂ ಕೈಯಲ್ಲಿ ಸವರಿ ನೋಡಿ. ತೇವ ಇಲ್ಲ ಅಂತಾದ ಮೇಲೆಯೇ ಮುಚ್ಚಬೇಕು. ಪೈಪಿನ ಎರಡು ಪಕ್ಕೆಗೂ ಮೊದಲು ನುಣ್ಣಗಿನ ಮಣ್ಣು ತುಂಬಿ ಕಾಲಲ್ಲಿ ಮೆಟ್ಟಿ, ಆಮೇಲೆ ಅರ್ಧ ಅರ್ಧ ಅಡಿಗೆ ಗರಸು, ಕೊನೆಗೆ ಮೇಲ್ಮಣ್ಣು. ಮೇಲೆ ನಾಲ್ಕು ಇಂಚು ದಿಂಡು ಬಿಡಿ, ಮೊದಲ ಮಳೆಗೆ ಅದು ಇಳಿಯುತ್ತದೆ.

ಮುಚ್ಚುವ ಮುಂಚೆ ಫೋನಲ್ಲಿ ಉದ್ದಕ್ಕೂ ಫೋಟೋ ತೆಗೆಯಿರಿ. ಬೋರಿಂದ ಎಷ್ಟು ಅಡಿ, ಬದುವಿನಿಂದ ಎಷ್ಟು ಅಡಿ ಅಂತ ಟೇಪ್ ಹಿಡಿದು ಅಳೆದು, ಪಹಣಿ ಇಡುವ ಫೈಲಿನಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ. ಲೈನು ತಿರುಗುವ ಪ್ರತಿ ಮೂಲೆಗೂ ಒಂದೊಂದು ಕಲ್ಲು ನೆಟ್ಟು ಸುಣ್ಣ ಬಳಿಯಿರಿ. ನಮ್ಮ ತೋಟದಲ್ಲಿ ಈಗ ಅಂಥ ಏಳು ಕಲ್ಲುಗಳಿವೆ.