ಠಾಣೆ ಖಾಡಿಯ ಹಕ್ಕಿಗಳನ್ನು ಬರೆದಿಡುವಾಗ

ಮುಂಬೈ ಪಕ್ಕದ ಠಾಣೆ ಖಾಡಿಯ (ಸಮುದ್ರದ ನೀರು ಒಳಬರುವ ಕಿರುಕೊಲ್ಲಿಯ) ದಡದ ಭಾಂಡುಪ್, ಐರೋಳಿ ಕಡೆ ಚಳಿಗಾಲದಲ್ಲಿ ಹಕ್ಕಿ ನೋಡಲು ಹೋಗುವ ನಮ್ಮ ಬಳಗದವರೇ, ಫೋಟೋ ಜೊತೆಗೆ ದಯವಿಟ್ಟು ನಾಲ್ಕು ಸಾಲು ಬರೆದಿಡಿ. ದಿನಾಂಕ, ಜಾಗ, ಸಮಯ ಹೇಗೂ ಬರೆಯುತ್ತೀರಿ. ಬಿಟ್ಟುಹೋಗುವುದು ಭರತ-ಇಳಿತ, ಅಂದರೆ ಸಮುದ್ರದ ನೀರಿನ ಏರಿಳಿತ; ಖಾಡಿಯಲ್ಲಿ ಅದೇ ಮುಖ್ಯ. ನೀರು ಇಳಿದಾಗ ಹಕ್ಕಿಗಳು ಕೆಸರಿನ ಬಯಲಲ್ಲೆಲ್ಲ ಹರಡಿ ಮೇಯುತ್ತವೆ. ಏರಿದಾಗ ಕೆಸರು ಮುಳುಗಿ, ದಡದತ್ತಲೋ ಒಳಗಿನ ಕೊಳಗಳಿಗೋ ಸರಿಯುತ್ತವೆ. ಹೀಗಾಗಿ ಈ ವಾರ ಸಾವಿರ ಕಂಡು ಮುಂದಿನ ವಾರ ಐವತ್ತೇ ಕಂಡರೆ, ಹಕ್ಕಿ ಕಡಿಮೆಯಾದವೋ ನೀರಿನ ಮಟ್ಟ ಬೇರೆಯಿತ್ತೋ ಎಂದು ತಿಳಿಯಬೇಕಾದರೆ ಆ ಒಂದು ಸಾಲು ಬೇಕೇ ಬೇಕು.

ಬರೀ ‘ರಾಜಹಂಸ’ (ಫ್ಲೆಮಿಂಗೊ) ಎಂದು ಬರೆದರೆ ಸಾಲದು, ಇಲ್ಲಿ ಎರಡು ಜಾತಿಗಳಿವೆ. ಕೊಕ್ಕು ನೋಡಿ: ದೊಡ್ಡ ರಾಜಹಂಸದ್ದು ಗುಲಾಬಿ, ತುದಿ ಮಾತ್ರ ಕಪ್ಪು, ಚಿಕ್ಕದರದ್ದು ಪೂರ್ತಿ ಗಾಢ ಕೆಂಪು. ಬೂದು ಬಣ್ಣದವು ಇನ್ನೂ ಬೆಳೆಯುತ್ತಿರುವವು, ಅವನ್ನು ಬೇರೆಯಾಗಿ ಎಣಿಸಿ. ದೊಡ್ಡ ಹಿಂಡಿದ್ದರೆ ಹತ್ತನ್ನು ಸರಿಯಾಗಿ ಎಣಿಸಿ, ಅಂಥ ಹತ್ತುಗಳು ಎಷ್ಟೆಂದು ಅಂದಾಜು ಮಾಡಿ.

ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್ ಉಚಿತ. ಕಾಗೆ, ಪಾರಿವಾಳಗಳನ್ನೂ ಸೇರಿಸಿ, ಗುರುತಿಸಿದ್ದನ್ನೆಲ್ಲ ಬರೆದಾಗಲೇ ‘ಪೂರ್ಣ ಪಟ್ಟಿ’ ಎಂದು ಒತ್ತಿ. ಆಗ ನಿಮ್ಮ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ನಿಮಗೆ ಕಾಣಲಿಲ್ಲ ಎಂಬುದೂ ಮಾಹಿತಿಯಾಗುತ್ತದೆ. 2022ರಲ್ಲಿ ರಾಮ್‌ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಸೇರಿದ ಖಾಡಿ ಇದು, ವರ್ಷವರ್ಷದ ಇಂಥ ದಾಖಲೆ ಇದಕ್ಕೆ ನಿಜಕ್ಕೂ ಬೇಕು.

ಗೂಬೆ ಕೂರುವ ಮರ, ಗೂಡಿನ ಜಾಗ ಮಾತ್ರ ನಮ್ಮ ಬಳಗದ ಗುಂಪಿನಲ್ಲಿ ಹಾಕಬೇಡಿ.