ಮನಸ್ಸಿನ ಡಾಕ್ಟರ ಹತ್ತಿರ ಮೊದಲ ಸಲ ಹೋಗುವವರಿಗೆ

ಕೊಡಗಿನಲ್ಲಿ ಯಾರ ಜೀಪು ಯಾರ ಗೇಟಿನ ಮುಂದೆ ನಿಂತಿತ್ತು ಎನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ಹಾಗಾಗಿಯೇ ಮಂಡಿನೋವಿಗೆ ಮೈಸೂರಿನವರೆಗೂ ಹೋಗಿಬರುವ ನಮ್ಮ ಜನ, ಮೂರು ತಿಂಗಳು ನಿದ್ದೆ ಇಲ್ಲದಿದ್ದರೂ ಬಾಯಿಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದ ಕೆಳಗಿನ ಪಾಲು ಗಿಡಗಳ ಸಮೇತ ಜಾರಿಹೋಯಿತು. ಮನೆಗಾಗಲಿ ಮನುಷ್ಯರಿಗಾಗಲಿ ಏನೂ ಆಗಲಿಲ್ಲ. ಆದರೆ ಮರುವರ್ಷ ಶೀಟಿನ ಮೇಲೆ ಮಳೆ ಸದ್ದು ಕೇಳಿದರೆ ಸಾಕು, ಎದ್ದು ಟಾರ್ಚ್ ಹಿಡಿದು ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು, ನೋಡಲು ಹೋಗುತ್ತಿದ್ದೆ. ಒಂದೇ ರಾತ್ರಿಯಲ್ಲಿ ನಾಲ್ಕು ಸಲ. ಕೊನೆಗೆ ಹೆಂಡತಿಯೇ ಕರೆದುಕೊಂಡು ಹೋದಳು. ಹೋಗುವ ಮುಂಚೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಯಾರನ್ನು ಕಾಣಬೇಕು

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಅದರ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು, ಮಾತ್ರೆ ಬರೆಯುವುದಿಲ್ಲ. ನಮ್ಮ ಕಡೆ ಇಬ್ಬರನ್ನೂ ಸೇರಿಸಿ ‘ನರದ ಡಾಕ್ಟ್ರು’ ಎಂದು ಪಿಸುಗುಟ್ಟುವುದು ರೂಢಿ. ನರರೋಗದ ತಜ್ಞರು ಬೇರೆಯೇ ಇದ್ದಾರೆ. ಅವರ ಬಾಗಿಲಲ್ಲಿ ಅರ್ಧ ದಿನ ಕಾದು ವಾಪಸ್ ಬಂದವರು ನನಗೆ ಗೊತ್ತು.

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹೌದು. ಅಲ್ಲಿ ಹೊರರೋಗಿ ಚೀಟಿ ಮಾಡಿಸಿ ಮನೋವೈದ್ಯ ವಿಭಾಗ ಎಂದರೆ ಸಾಕು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೊರಡಿ. ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬಾರದು. ಬರಲು ಆಗುವುದೇ ಇಲ್ಲ ಎನ್ನುವವರು 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ದಿನ

ಮೊದಲ ದಿನ ನಡೆಯುವುದು ಹೆಚ್ಚಾಗಿ ಪ್ರಶ್ನೆ. ನಿದ್ದೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಊಟ ಸೇರುತ್ತದೆಯೇ, ಮನೆಯಲ್ಲಿ ಮುಂಚೆ ಯಾರಿಗಾದರೂ ಹೀಗಾಗಿತ್ತೇ, ಬದುಕೇ ಬೇಡ ಎನಿಸಿದ್ದುಂಟೇ. ಈ ಕಡೆಯ ಪ್ರಶ್ನೆಗೆ ಬೆಚ್ಚಬೇಡಿ, ಎಲ್ಲರನ್ನೂ ಕೇಳುತ್ತಾರೆ. ಎದೆ ಡವಡವ, ಸುಸ್ತು ಎಂದರೆ ಥೈರಾಯ್ಡ್, ಬಿ12 ಎಂದು ರಕ್ತಪರೀಕ್ಷೆಗೂ ಬರೆಯಬಹುದು. ಥೈರಾಯ್ಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದೆ, ಕೈ ನಡುಗುತ್ತದೆ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಪೊಟ್ಟಣ ಸಮೇತ ಒಯ್ಯಿರಿ, ಬಿಪಿ, ಸಕ್ಕರೆಯದೂ ಸೇರಿ. ಕರೆಂಟ್ ಕೊಡುತ್ತಾರೆ, ಕೂಡಿಹಾಕುತ್ತಾರೆ ಎನ್ನುವುದೆಲ್ಲ ಸಿನಿಮಾ ನೋಡಿ ಹುಟ್ಟಿದ ಭಯ. ಬಹುತೇಕ ಜನ ಚೀಟಿ ಹಿಡಿದು ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಾರೆ.

ಕುಡಿತದ ಲೆಕ್ಕ ಮಾತ್ರ ಸರಿಯಾಗಿ ಕೊಡಿ. ಮದುವೆ, ಹಬ್ಬ, ಸಾವು, ಯಾವುದಕ್ಕೂ ಬಾಟಲಿ ತಪ್ಪದ ಜಿಲ್ಲೆ ನಮ್ಮದು, ‘ಎರಡೇ ಪೆಗ್’ ಎನ್ನುವುದು ನಮ್ಮ ಬಾಯಿಪಾಠ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಬಿಡುವುದಿದ್ದರೆ ಡಾಕ್ಟರಿಗೆ ಹೇಳಿಯೇ ಬಿಡಬೇಕು. ಅವರು ಅದನ್ನು ನೋಡಿಕೊಂಡೇ ಮಾತ್ರೆ ಆರಿಸುವುದು.

ಹೇಳಿದ್ದು ಊರಿಗೆ ಹೋಗುತ್ತದೆಯೇ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ನಿಮ್ಮ ಹಕ್ಕು ಎಂದಿದೆ. ಜೀವಾಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಡಾಕ್ಟರು ಬಾಯಿಬಿಡುವಂತಿಲ್ಲ. ಕಾಯುವ ಬೆಂಚಿನಲ್ಲಿ ಪಕ್ಕದ ತೋಟದವರು ಸಿಕ್ಕರೆ ಕಾಯ್ದೆ ಏನೂ ಮಾಡಲಾರದು, ನಿಜ. ನನಗೆ ಸಿಕ್ಕರು. ಅವರೂ ಅದೇ ಬಾಗಿಲಿಗೆ ಬಂದವರು. ಮೆಣಸಿನ ರೇಟು ಮಾತಾಡಿಕೊಂಡು ಕೂತೆವು.

ಮಾತ್ರೆ

ಖಿನ್ನತೆಗೂ ಆತಂಕಕ್ಕೂ ಸಾಮಾನ್ಯವಾಗಿ ಬರೆಯುವ ಎಸ್ಸಿಟಾಲೊಪ್ರಾಮ್, ಸೆರ್ಟ್ರಾಲಿನ್‌ನಂಥ ಮಾತ್ರೆಗಳು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಏನೆಂದರೆ, ಅಡ್ಡಪರಿಣಾಮ ಮೊದಲ ವಾರವೇ ಬರುತ್ತದೆ: ವಾಕರಿಕೆ, ತಲೆನೋವು, ಹೊಟ್ಟೆ ಕೆಡುವುದು. ಗುಣ ಕಾಣುವ ಮೊದಲೇ ಕಷ್ಟ ಕಾಣುವುದರಿಂದ ಜನ ಹತ್ತನೇ ದಿನಕ್ಕೆ ಮಾತ್ರೆ ಎಸೆದು ‘ನಮಗೆ ಆಗಿಬರಲಿಲ್ಲ’ ಎನ್ನುತ್ತಾರೆ. ಎಸೆಯುವ ಬದಲು ಫೋನ್ ಮಾಡಿ, ಪ್ರಮಾಣ ಬದಲಿಸಬಹುದು. ಸಂಕಟ, ಚಡಪಡಿಕೆ ಜಾಸ್ತಿಯಾದರೆ, ಸಾಯುವ ಯೋಚನೆ ಬಂದರೆ ಅವತ್ತೇ ಹೇಳಬೇಕು. ಚೆನ್ನಾಗಿದ್ದೇನೆ ಎನಿಸಿದ ಮೇಲೂ ಸಾಧಾರಣವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರೇ ನಿಧಾನ ಇಳಿಸುತ್ತಾರೆ. ಇವು ಚಟ ಹಿಡಿಸುವ ಜಾತಿಯವಲ್ಲ. ಬರೀ ನಿದ್ದೆಗೆಂದು ಕೊಡುವ ಕೆಲವು ಮಾತ್ರೆಗಳಿಗೆ ಆ ಗುಣವಿದೆ, ಅವುಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ಮಾತಿನ ಚಿಕಿತ್ಸೆ

ಒಂದು ಸಲಕ್ಕೆ ಮುಕ್ಕಾಲು ಗಂಟೆ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಉಪದೇಶ ಮಾಡುತ್ತಾರೆ ಅಂದುಕೊಂಡಿದ್ದೆ. ನನಗೆ ಸಿಕ್ಕಿದ್ದು ಹೋಂವರ್ಕ್. ಮಳೆ ಬಂದ ಹೊತ್ತು, ಆಗ ತಲೆಯಲ್ಲಿ ಬಂದ ಯೋಚನೆ, ಹೆದರಿಕೆ ಹತ್ತಕ್ಕೆ ಎಷ್ಟು, ಇಷ್ಟನ್ನು ಬರೆದು ತರಬೇಕು. ಆಳುಗಳ ಕೊಯ್ಲಿನ ಕೆ.ಜಿ. ಲೆಕ್ಕದ ಪುಸ್ತಕದಲ್ಲೇ ಹಿಂದಿನಿಂದ ಬರೆದೆ. ಮೂರನೇ ವಾರ ಸೈಕಾಲಜಿಸ್ಟ್ ಮೇಡಂ ಪುಟ ತಿರುಗಿಸಿ, ‘ಬರೆ ನೋಡಿ ಬಂದ ಮೇಲೆ ಎಷ್ಟು ಹೊತ್ತು ಸಮಾಧಾನ ಇತ್ತು?’ ಎಂದು ಕೇಳಿದರು. ಹತ್ತು ನಿಮಿಷ. ಹೋಗದೆ ಮಲಗಿದ ಒಂದು ರಾತ್ರಿ ಎದುರಿಗೆ ಒಂಬತ್ತು ಎಂದಿತ್ತು, ಅರ್ಧ ಗಂಟೆಯ ಮೇಲೆ ಐದು. ಅಲ್ಲಿಂದ ಕೆಲಸ ಶುರುವಾಯಿತು: ಮೊದಲು ಎರಡು ಸಲ ಮಾತ್ರ ಏಳುವುದು, ಆಮೇಲೆ ಒಂದು ಸಲ. ಆರೆಂಜ್ ಅಲರ್ಟ್ ಇದ್ದ ದಿನ ಜಾಗ ಖಾಲಿ ಮಾಡಬೇಕಾದದ್ದೇ, ಅದು ಕಾಯಿಲೆ ಅಲ್ಲ ಎಂದೂ ಅವರೇ ಹೇಳಿದರು.

ಮೂರು ನಾಲ್ಕು ಸಲ ಹೋದ ಮೇಲೂ ಮಾತು ಹೊಂದದಿದ್ದರೆ ಬೇರೆಯವರನ್ನು ಕೇಳಬಹುದು, ಅವಮಾನವೇನಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಮಾತಾಡುವವರಿಗೆ ಕನ್ನಡದಲ್ಲಿ ಅಳು ಬರುವುದಿಲ್ಲ ಎನ್ನುವುದು ತಮಾಷೆಯಲ್ಲ. ಭಾಷೆ ಗೊತ್ತಿರುವ ಸಿಬ್ಬಂದಿ ಇದ್ದಾರಾ ಎಂದು ಮೊದಲೇ ವಿಚಾರಿಸಿ. ಕಣಿ ಕೇಳುವುದು, ಹರಕೆ ಹೊರುವುದು ನಿಮ್ಮ ನಂಬಿಕೆ, ಅದಕ್ಕಾಗಿ ಮಾತ್ರೆ ನಿಲ್ಲಿಸಬೇಡಿ ಅಷ್ಟೆ.

ಮನೆಯವರಿಗೆ

‘ಧೈರ್ಯ ತಗೋ’ ಎಂದು ದಿನಾ ಹೇಳುವುದಕ್ಕಿಂತ ಡಾಕ್ಟರು ಎರಡನೇ ಸಲ ಬರಹೇಳಿದ ತಾರೀಖಿಗೆ ಜೊತೆಗೆ ಹೋಗುವುದು ದೊಡ್ಡ ಉಪಕಾರ. ಬಿಟ್ಟುಹೋಗುವವರು ಹೆಚ್ಚಾಗಿ ಅಲ್ಲೇ ಬಿಟ್ಟುಹೋಗುತ್ತಾರೆ. ಸಾಯುವ ಮಾತಾಡುತ್ತಿದ್ದರೆ ಆ ತಾರೀಖಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಕೋವಿ ಇದೆ, ಗೋದಾಮಿನಲ್ಲಿ ಕಳೆನಾಶಕದ ಕ್ಯಾನ್ ಇದೆ. ಎರಡಕ್ಕೂ ಬೀಗ ಹಾಕಿ, ಕೀಲಿಕೈ ಅವರ ಕೈಗೆ ಸಿಗದ ಕಡೆ ಇಡಿ. ಕೋವಿ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಬಂತೆಂದು ಕೋವಿ ಹೊರತೆಗೆದರೆ ಸಂಜೆಯೇ ಮತ್ತೆ ಒಳಗೆ ಹೋಗಲಿ.

ಇನ್ನು ಮಳೆಗಾಲ. ಜೂನ್ ನಂತರ ರಸ್ತೆ ಯಾವಾಗ ಮುಚ್ಚುತ್ತದೋ, ಟವರ್ ಯಾವಾಗ ಸಾಯುತ್ತದೋ ಹೇಳಲಾಗದು. ಮೇ ಕೊನೆಯಲ್ಲೇ ಡಾಕ್ಟರಿಗೆ ನಿಮ್ಮ ಊರು ಯಾವುದೆಂದು ಬಿಡಿಸಿ ಹೇಳಿ, ಎಷ್ಟು ದಿನದ ಮಾತ್ರೆ ಒಟ್ಟಿಗೆ ಕೊಡಬಹುದು ಎಂದು ಕೇಳಿ. ತಂದದ್ದನ್ನು ಮುಚ್ಚಳ ಬಿಗಿಯುವ ಡಬ್ಬಿಯಲ್ಲಿಡಿ. ಜೋರು ಮಳೆಯ ಕಕ್ಕಡ ತಿಂಗಳ ಥಂಡಿಗೆ ಪೇಪರ್ ಪೊಟ್ಟಣದೊಳಗಿನ ಬಿಡಿ ಮಾತ್ರೆ ಪುಡಿಯಾಗುತ್ತದೆ.